ವರ್ಷದ ಲೀಡ್ ಪ್ಯಾಕೇಜ್ ತಗೊಳ್ಳೋದಾ, ಬೇಡ್ವಾ? ಹಾಸನ, ಮದುವೆ ಫೋಟೋಗ್ರಫಿ

ಹಾಸನ_ಹೊಸಬ:
ಹಾಸನದಲ್ಲಿ ಫ್ರೀಲಾನ್ಸ್ ಮದುವೆ ಫೋಟೋಗ್ರಫಿ, ಅಂಗಡಿ ಅಂತ ಇಲ್ಲ. ಲೀಡ್, ಅಂದ್ರೆ ಕೆಲಸ ವಿಚಾರಿಸೋ ಗ್ರಾಹಕರ ನಂಬರ್, ಕೊಡೋ ಆನ್‌ಲೈನ್ ಕಂಪನಿಯೊಂದು ವರ್ಷಕ್ಕೆ 24,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಕೇಳ್ತಿದೆ. ಸುತ್ತ 60 ಕಿ.ಮೀ. ಒಳಗಿನ 60 ಲೀಡ್ ಗ್ಯಾರಂಟಿಯಂತೆ. ಇಲ್ಲಿ ಒಂದು ಮದುವೆಗೆ ಸುಮಾರು 45,000 ಬಿಲ್ ಆಗುತ್ತೆ. "ಒಂದು ಮದುವೆ ಸಿಕ್ರೆ ಹಾಕಿದ ದುಡ್ಡು ವಾಪಸ್" ಅಂತಾರೆ ಸೇಲ್ಸ್‌ನವರು. ಈ ಲೆಕ್ಕ ಸರಿನಾ? ಸಹಿ ಹಾಕೋ ಮುಂಚೆ ಏನೇನು ನೋಡ್ಬೇಕು?

ಐಎಸ್‌ಒ_3200:
ಅವರು ಬಿಲ್ ಮೊತ್ತ ಹಿಡಿದು ಲೆಕ್ಕ ಹೇಳ್ತಿದ್ದಾರೆ. ನೀವು ಕೈಯಲ್ಲಿ ಉಳಿಯೋದನ್ನ ಹಿಡೀರಿ.

24,000ಕ್ಕೆ 18% ಸೇರಿದ್ರೆ 28,320. ವಹಿವಾಟು 20 ಲಕ್ಷದ ಒಳಗಿದ್ದು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಅಂದ್ರೆ ಆ 4,320 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರಲ್ಲ, ಸೀದಾ ಖರ್ಚು. 45,000ದಲ್ಲಿ ವಿಡಿಯೋದವರು, ಎರಡನೇ ಕ್ಯಾಮೆರಾ, 12×36 ಆಲ್ಬಂ, ಎಡಿಟಿಂಗ್, ಪೆಟ್ರೋಲ್ ಕಳೆದು 18,000 ಉಳಿಯುತ್ತೆ ಅಂತಿಟ್ಕೊಳ್ಳಿ. ಒಂದೇ ಮದುವೆ ಬಂದ್ರೆ 10,320 ಕೈಯಿಂದ ಹೋಯ್ತು. ಎರಡು ಬಂದ್ರೆ ಉಳಿಯೋದು 7,680, ನಾಲ್ಕು ದಿನದ ದುಡಿಮೆ ಜೊತೆಗೆ ವಾರಗಟ್ಟಲೆ ಎಡಿಟಿಂಗ್‌ಗೆ.

ಇನ್ನು ಆ 60 ಲೀಡ್. ಹುಡುಗಿ ಕಡೆಯವರು ಒಂದು ಸಲ ಫಾರ್ಮ್ ತುಂಬಿದ್ರೆ ಅದೇ ನಂಬರ್ ನಾಲ್ಕೈದು ಫೋಟೋಗ್ರಾಫರ್‌ಗಳಿಗೆ ಹೋಗುತ್ತೆ, ಅಷ್ಟೂ ಜನರ ಖಾತೆಯಲ್ಲಿ ಒಂದೊಂದು ಲೀಡ್ ಕಟ್. ಹತ್ತು ನಿಮಿಷದಲ್ಲಿ ನಾಲ್ಕು ಕಾಲ್ ಬಂದ ಮೇಲೆ ಐದನೆಯದನ್ನ ಯಾರೂ ಎತ್ತಲ್ಲ, ಎತ್ತಿದ್ರೂ ಮೊದಲ ಮಾತೇ "ಲಾಸ್ಟ್ ಎಷ್ಟಕ್ಕೆ ಮಾಡ್ತೀರ?" ಒಳ್ಳೆ ಮುಹೂರ್ತದ ತಿಂಗಳಲ್ಲೇ ವಿಚಾರಣೆ ಜಾಸ್ತಿ. ಆ ಹೊತ್ತಿಗೆ ನೀವು ಧಾರೆ ತೆಗೀತಾ ಇರ್ತೀರ, ಫೋನ್ ನೋಡೋದು ಊಟದ ಪಂಕ್ತಿ ಎದ್ದ ಮೇಲೆ. ಅಷ್ಟರಲ್ಲಿ ಕೆಲಸ ಖಾಲಿ ಇದ್ದವನು ಮಾತು ಮುಗಿಸಿರ್ತಾನೆ.

ಮೂಡಿಗೆರೆ_ಮಳೆ:
60 ಕಿ.ಮೀ. ಅನ್ನೋದು ಮ್ಯಾಪ್ ಮೇಲೆ ಎಳೆದ ವೃತ್ತ, ರಸ್ತೆಯದ್ದಲ್ಲ. ಹಾಸನ ನಡುವೆ ಇಟ್ರೆ ಚಿಕ್ಕಮಗಳೂರು, ಮೂಡಿಗೆರೆ ಮಾತ್ರ ಅಲ್ಲ, ಕೊಡಗಿನ ಸೋಮವಾರಪೇಟೆ, ಮಂಡ್ಯದ ಕೆ.ಆರ್. ಪೇಟೆನೂ ಒಳಗೇ ಬರುತ್ತೆ. ಚಿಕ್ಕಮಗಳೂರಲ್ಲಿ ಕೂತವರಿಗೆ ಇದೇ ವೃತ್ತ ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿ ಕಡೆ ಹೋಗುತ್ತೆ. ಆ ಲೀಡ್‌ಗೂ ದುಡ್ಡು ಕಟ್ಟಿದ್ದೇ. ಹಾಗಾಗಿ ರೇಡಿಯಸ್ ಬೇಡ ಅನ್ನಿ, ತಾಲ್ಲೂಕು ಹೆಸರು ಬರೆಸಿ.

ಫಾರ್ಮ್‌ದು ಇನ್ನೊಂದು ತಾಪತ್ರಯ. ಅದರಲ್ಲಿ "ಎಷ್ಟು ದಿನ" ಅಂತ ಒಂದು ಕಾಲಂ ಇರುತ್ತೆ, ಗ್ರಾಹಕರು "1" ಅಂತ ಒತ್ತಿರ್ತಾರೆ. ನಮ್ಮ ಕಡೆ ಒಂದು ದಿನದ ಮದುವೆ ಎಲ್ಲಿದೆ? ಮನೇಲಿ ಚಪ್ಪರ, ಸಂಜೆ ಆರತಕ್ಷತೆ, ಮಾರನೇ ಬೆಳಿಗ್ಗೆ ಮುಹೂರ್ತ, ಹಾಸನದ ಕಡೆ ಆದ್ರೆ ಅದರ ಮೇಲೆ ಬೀಗರೂಟ. ಬಜೆಟ್ ಮಾತ್ರ ಆ "1"ಕ್ಕೇ ಬರೆದಿರುತ್ತೆ. ಅದನ್ನ ಬಿಡಿಸಿ ಹೇಳೋಷ್ಟರಲ್ಲಿ "ಇನ್ನೊಬ್ರು ಕಮ್ಮಿ ಹೇಳಿದ್ರು" ಅಂತ ಫೋನ್ ಇಡ್ತಾರೆ.

ಲೀಡ್ ಅಸಲಿನಾ ಅಂತ ತಿಳಿಯೋಕೆ ಒಂದೇ ಪ್ರಶ್ನೆ ಸಾಕು: "ಮಂಟಪ ಬುಕ್ ಆಯ್ತಾ?" ಆಗಿದ್ರೆ ದಿನ ಗಟ್ಟಿ, ಮಾತಾಡಿ. ಇಲ್ಲ ಅಂದ್ರೆ ಬರೀ ರೇಟ್ ವಿಚಾರಿಸ್ತಿದ್ದಾರೆ.

ಕಡೂರು_ಪ್ರೈಮ್:
ಗ್ಯಾರಂಟಿ ಅನ್ನೋ ಪದ ಸೇಲ್ಸ್‌ನವರ ಬಾಯಲ್ಲಿ ಇರುತ್ತೆ, ಅಗ್ರಿಮೆಂಟಲ್ಲಿ "ಅಂದಾಜು" ಅಂತ ಆಗಿರುತ್ತೆ. ಅವರು ಹೇಳಿದ್ದಷ್ಟನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದ್ರೆ ಅಲ್ಲಿಗೇ ಬಿಡಿ.

ಲೀಡ್ ಅಂದ್ರೆ ಏನು ಅಂತ ಬರೆದಿದೆಯಾ ನೋಡಿ. ಕೆಲವು ಕಡೆ ಅವರ ಸೈಟಲ್ಲಿರೋ ನಿಮ್ಮ ಪೇಜ್ ತೆರೆದು ನಂಬರ್ ಮೇಲೆ ಒತ್ತಿದ್ರೂ ಲೀಡೇ. "ಫೋಟೋಗ್ರಫಿ" ಅಂತ ವಿಭಾಗ ಕೊಟ್ರೆ ಪಾಸ್‌ಪೋರ್ಟ್ ಫೋಟೋ ಕೇಳೋರೂ ಬರ್ತಾರೆ. ಸುಳ್ಳು ನಂಬರ್‌ಗೆ ದೂರು ಕೊಡೋಕೆ ಎಷ್ಟು ಗಂಟೆ ಟೈಮ್, ವಾಪಸ್ ಬರೋದು ದುಡ್ಡೋ, ಬದಲಿ ಲೀಡ್ ಅನ್ನೋ ಕ್ರೆಡಿಟ್ಟೋ? ಕ್ರೆಡಿಟ್ ಆದ್ರೆ ವರ್ಷ ಮುಗಿದಾಗ ಅದೂ ಮುಗೀತು.

ಇದೆಲ್ಲಕ್ಕಿಂತ ನನಗೆ ಕೆಟ್ಟದ್ದು ಅನ್ನಿಸೋದು ವರ್ಚುಯಲ್ ನಂಬರ್. ಪೇಜಲ್ಲಿ ನಿಮ್ಮ ನಂಬರ್ ಬದಲು ಅವರದ್ದು ಇರುತ್ತೆ. ಪ್ಯಾಕೇಜ್ ನಿಂತ ಮೇಲೂ ಪೇಜ್ ತೆಗೆಯಲ್ಲ. ನಿಮ್ಮ ಹೆಸರು, ನಿಮ್ಮ ಫೋಟೋ, ನಿಮ್ಮ ರಿವ್ಯೂ ನೋಡಿ ಕಾಲ್ ಮಾಡಿದವರನ್ನ ದುಡ್ಡು ಕಟ್ತಿರೋ ಬೇರೆಯವರ ಕಡೆ ತಿರುಗಿಸ್ತಾರೆ. "ಒಪ್ಪಂದ ಮುಗಿದ 30 ದಿನದೊಳಗೆ ಪೇಜ್, ಫೋಟೋ ತೆಗೆಯಬೇಕು" ಅನ್ನೋ ಸಾಲು ಸೇರಿಸಿ ಅಂತ ಕೇಳಿ.

ಹಾಸನ_ಹೊಸಬ:
ತಡವಾಗಿ ಕೇಳಿದೆ ಅನ್ಸುತ್ತೆ. ಟೋಕನ್ ಅಂತ 2,000 ಕಟ್ಟಿ ಆಗಿದೆ, ಆಗ ಯುಪಿಐ ಆಟೋಪೇಗೂ ಒಪ್ಪಿಗೆ ಕೊಟ್ಟಾಗಿದೆ. ಅಗ್ರಿಮೆಂಟ್‌ಗೆ ಇನ್ನೂ ಸಹಿ ಆಗಿಲ್ಲ.

ಕಡೂರು_ಪ್ರೈಮ್:
ಸಹಿ ಆಗಿಲ್ಲ ಅಂದ್ರೆ ದಾರಿ ಇದೆ. ಮೊದಲು "ಮುಂದುವರಿಯಲ್ಲ, ಟೋಕನ್ ವಾಪಸ್ ಕೊಡಿ" ಅಂತ ಇಮೇಲ್ ಮಾಡಿ, ವಾಟ್ಸಾಪ್ ಸಾಲದು. ಆಮೇಲೆ ಯುಪಿಐ ಆ್ಯಪ್‌ನಲ್ಲಿ ಆಟೋಪೇ ತೆರೆದು ಆ ಮ್ಯಾಂಡೇಟ್ (ಹಣ ಕಟ್ ಮಾಡೋಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಹಣ ಕಟ್ ಆಗೋ 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಅದನ್ನ ಆಫರ್ ಮೆಸೇಜ್ ಅಂತ ಅಳಿಸಿಬಿಡ್ಬೇಡಿ.

ಸಹಿ ಹಾಕಿ ಎನ್‌ಎಸಿಎಚ್ (ಬ್ಯಾಂಕ್ ಖಾತೆಯಿಂದ ಕಂತು ತಾನಾಗಿ ಕಟ್ ಆಗೋ ಒಪ್ಪಿಗೆ) ಅಥವಾ ಮುಂದಿನ ದಿನಾಂಕದ ಚೆಕ್ ಕೊಟ್ಟವರು ಮಾತ್ರ ಹುಷಾರು. ಖಾತೆ ಖಾಲಿ ಬಿಟ್ಟು ಬೌನ್ಸ್ ಮಾಡಿಸೋ ಐಡಿಯಾ ಬೇಡ. ಚೆಕ್ ಬೌನ್ಸ್ ಆದ್ರೆ ಕ್ರಿಮಿನಲ್ ಕೇಸ್ ಹಾಕೋ 138ನೇ ಕಲಂ ಎಲ್ಲರಿಗೂ ಗೊತ್ತು, ಎನ್‌ಎಸಿಎಚ್‌ಗೂ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಂ ಅಂತ ಅಂಥದ್ದೇ ಇದೆ. ಕಂತು ಯಾವುದಾದ್ರೂ ಫೈನಾನ್ಸ್ ಸಾಲದ ರೂಪದಲ್ಲಿದ್ರೆ ಸಿಬಿಲ್ ಸ್ಕೋರ್‌ಗೂ ಪೆಟ್ಟು.

ಕಾಫಿತೋಟ_50ಎಂಎಂ:
ಎಲ್ಲರೂ ಸೇರಿ ಪೂರ್ತಿ ಬೇಡ ಅಂತಿದ್ದೀರ, ನಾನು ಅಷ್ಟು ಹೇಳಲ್ಲ. ಊರ ಮದುವೆಗೆ ಲೀಡ್ ದಂಡ, ಒಪ್ತೀನಿ. ಅದು ನೆಂಟರ ಬಾಯಿಂದ, ಮಂಟಪದ ಮ್ಯಾನೇಜರ್‌ರಿಂದ, ಮೇಕಪ್‌ನವರಿಂದ ಬರೋ ಕೆಲಸ. ಆದ್ರೆ ಬೆಂಗಳೂರಿಂದ ಸಕಲೇಶಪುರದ ಎಸ್ಟೇಟ್‌ಗೋ ಶೆಟ್ಟಿಹಳ್ಳಿ ಚರ್ಚ್‌ಗೋ ಪ್ರಿ-ವೆಡ್ಡಿಂಗ್‌ಗೆ ಬರೋ ಜೋಡಿಗೆ ಇಲ್ಲಿ ಯಾರೂ ಗೊತ್ತಿರಲ್ಲ, ಅವರು ಹುಡುಕೋದು ಆನ್‌ಲೈನಲ್ಲೇ. ಅಂಥ ಕೆಲಸಕ್ಕೆ ವರ್ಷದ್ದು ಬಿಟ್ಟು ಒಂದು ತಿಂಗಳ ಪ್ಲಾನ್ ಸಿಕ್ರೆ ಪರೀಕ್ಷೆ ಮಾಡಬಹುದು. ಧನುರ್ಮಾಸ ಕಳೆದ ಮೇಲೆ ಶುರು ಮಾಡಿ. ಡಿಸೆಂಬರ್ ನಡುವಿಂದ ಸಂಕ್ರಾಂತಿವರೆಗೆ ಮದುವೆ ವಿಚಾರಣೆ ತಣ್ಣಗಿರುತ್ತೆ, ಟಾರ್ಗೆಟ್ ಮುಗಿಸಬೇಕಾದ ಸೇಲ್ಸ್‌ನವರು ಆಗಲೇ ಬಂದು ಪೀಡಿಸೋದು. ಒಂದು ಹಾಳೇಲಿ ಲೀಡ್ ಬಂದ ಗಂಟೆ, ಫೋನ್ ಎತ್ತಿದ್ರಾ, ದಿನ ಗಟ್ಟಿನಾ, ಅಡ್ವಾನ್ಸ್ ಬಂತಾ ಅಂತ ಬರೀತಾ ಹೋಗಿ. ಕಟ್ಟಿದ ದುಡ್ಡನ್ನ ಅಡ್ವಾನ್ಸ್ ಬಂದ ಕೆಲಸಗಳಿಂದ ಭಾಗಿಸಿ, ಲೀಡ್‌ಗಳಿಂದ ಅಲ್ಲ.

ಬೇಲೂರು, ಹಳೇಬೀಡಲ್ಲಿ ಶೂಟ್ ಬೇಕು ಅನ್ನೋ ಲೀಡ್‌ಗೆ ಬಾಯಿ ಬಿಡೋ ಮುಂಚೆ ಯೋಚಿಸಿ. ಪುರಾತತ್ವ ಇಲಾಖೆ ಅನುಮತಿ ಇಲ್ಲದೆ ಟ್ರೈಪಾಡ್ ಒಳಗೆ ಬಿಡಲ್ಲ.

ಲೀಡ್ ಕೊಳ್ಳೋ ಬದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ, ಮ್ಯಾಪಲ್ಲಿ ಕಾಣೋ ನಿಮ್ಮ ಪುಟ) ಮಾಡ್ಕೊಳ್ಳಿ, ಅದಕ್ಕೆ ದುಡ್ಡು ಕಟ್ಟಬೇಕಿಲ್ಲ. ಅಂಗಡಿ ಇಲ್ಲದವರು ಮನೆ ವಿಳಾಸ ಮರೆಮಾಡಿ ಸೇವಾ ಪ್ರದೇಶ ಅಂತ 20 ಊರುಗಳವರೆಗೆ ಹಾಕಬಹುದು. ವಿಭಾಗ ಬರೀ "ಫೋಟೋಗ್ರಾಫರ್" ಬೇಡ, "ವೆಡ್ಡಿಂಗ್ ಫೋಟೋಗ್ರಾಫರ್" ಆರಿಸಿ. ದೃಢೀಕರಣಕ್ಕೆ ವಿಡಿಯೋ ಕೇಳಿದ್ರೆ ಕ್ಯಾಮೆರಾ, ಲೈಟ್, ಹೆಸರಿರೋ ಬಿಲ್ ಪುಸ್ತಕ, ಮನೆ ಮುಂದಿನ ರಸ್ತೆ ಬೋರ್ಡ್ ಎಲ್ಲ ಒಂದೇ ಓಟದಲ್ಲಿ, ಕಟ್ ಮಾಡದೆ ತೋರಿಸಿ. ರಿವ್ಯೂ ಲಿಂಕ್ ಕಳಿಸೋಕೆ ಒಳ್ಳೆ ಹೊತ್ತು ಆಲ್ಬಂ ಕೊಟ್ಟ ದಿನ ಸಂಜೆ, ಮನೆಯವರೆಲ್ಲ ಸುತ್ತ ಕೂತು ಪುಟ ತಿರುಗಿಸ್ತಿರುವಾಗ.