ಅಪ್ಪನ ಅಪಘಾತದ ಕ್ಲೇಮು, ಅಪ್ಪನ ಮನೆ: ಲಾಯರ್ ಹತ್ರ ಯಾವಾಗ ಹೋಗ್ಬೇಕು?

ಪ್ರಶ್ನೆ, ದಾಸರಹಳ್ಳಿಯಿಂದ: ನಾಲ್ಕು ತಿಂಗಳ ಹಿಂದೆ ನೆಲಮಂಗಲದ ಹತ್ರ ಲಾರಿ ಗುದ್ದಿ ಅಪ್ಪ ತೀರ್ಕೊಂಡ್ರು. ಎಫ್‌ಐಆರ್ ಆಗಿದೆ. ಮನೇಲಿ ಅಮ್ಮ, ನಾನು, ಪಿಯುಸಿ ಓದೋ 17ರ ತಂಗಿ, ಅಪ್ಪನ ತಾಯಿ. ಮನೆ ಅಪ್ಪ ಸ್ವಂತ ದುಡಿದು ಕಟ್ಟಿಸಿದ್ದು, ಉಯಿಲು ಬರೆದಿಲ್ಲ. ಎಫ್‌ಡಿಗೆ ನಾಮಿನಿ ಚಿಕ್ಕಪ್ಪ. "ಲಾಯರ್‌ಗೆ ಯಾಕೆ ದುಡ್ಡು ಸುರೀತೀರಾ, ನೀವೆಲ್ಲ ಒಂದೊಂದು ಸೈನ್ ಹಾಕಿ, ನಾನೇ ಮಾಡಿಸ್ತೀನಿ" ಅಂತಿದ್ದಾರೆ. ಏನ್ಮಾಡ್ಲಿ?

ರಾಜಾಜಿನಗರದಿಂದ: ಮೊದಲು ಕ್ಲೇಮು. ಈ ವಾರವೇ ಹೋಗಪ್ಪ, ನಾಲ್ಕು ತಿಂಗಳು ಆಗೋಯ್ತಲ್ಲ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕ್ಬೇಕು ಅಂತಿದೆ. ನೆಲಮಂಗಲಕ್ಕೆ ಓಡಾಡೋದು ಬೇಡ, ನೀವಿರೋ ಊರಲ್ಲೇ ಹಾಕಬಹುದು. ಬೆಂಗಳೂರಲ್ಲಿ ಸ್ಮಾಲ್ ಕಾಸಸ್ ಕೋರ್ಟೇ ಎಂಎಸಿಟಿ, ಅಂದ್ರೆ ಅಪಘಾತ ಪರಿಹಾರದ ಕೇಸು ನೋಡೋ ನ್ಯಾಯಮಂಡಳಿ.

ನಾವು ತಡ ಮಾಡಿ ಕೆಟ್ವಿ. ನಮ್ಮ ಯಜಮಾನರಿಗೆ ಕಾರು ಗುದ್ದಿ ಕಾಲು ಮುರೀತು. ಆಟೋದಲ್ಲಿ ಕರ್ಕೊಂಡು ಹೋದ ಹುಡುಗ ಪಾಪ ಗಾಬರೀಲಿ "ಗಾಡಿಯಿಂದ ಬಿದ್ರು" ಅಂದ. ಕ್ಯಾಶುವಾಲ್ಟಿಯಲ್ಲಿ ಅಷ್ಟೇ ಬರ್ಕೊಂಡ್ರು, ಕಾರಿನ ಸುದ್ದಿಯೇ ಇಲ್ಲ. ಎರಡು ತಿಂಗಳಾದ್ಮೇಲೆ ಲಾಯರ್ ಫೈಲ್ ಬಿಚ್ಚಿ ಮೊದಲು ಬೆರಳಿಟ್ಟಿದ್ದೇ ಆ ಸಾಲಿನ ಮೇಲೆ. ಇನ್ಶೂರೆನ್ಸ್ ಕಡೆಯವರು ಕೋರ್ಟಲ್ಲಿ ಹಿಡ್ಕೊಂಡಿದ್ದೂ ಅದನ್ನೇ. ಹಾಗಾಗಿ ಆಸ್ಪತ್ರೆ ಚೀಟಿ, ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ ಮೂರೂ ಒಂದೇ ಮಾತು ಹೇಳ್ತಾವಾ ನೋಡು. ಅಪ್ಪನ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಎತ್ತಿಡು. ಪರಿಹಾರದ ಲೆಕ್ಕ ವಯಸ್ಸು, ಆದಾಯ, ಎಷ್ಟು ಜನ ಅವರನ್ನ ನಂಬ್ಕೊಂಡಿದ್ರು ಅನ್ನೋದರ ಮೇಲೆ.

"ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನೋರು ವಾರ್ಡಿಗೇ ಬಂದಿದ್ರು ನಮಗೆ. ವಕೀಲರು ಹಾಗೆ ಫೀಸ್ ಮಾತಾಡೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ.

ಬನಶಂಕರಿಯಿಂದ: ಬರೀ ಮನೆ ಖಾತೆ ಬದಲಾವಣೆಗೆ, ಎಲ್ರೂ ಒಪ್ಪಿದ್ರೆ, ಲಾಯರ್ ಬೇಕಿಲ್ಲ. ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಮನೆಪತ್ರ, ತೆರಿಗೆ ರಸೀದಿ ಹಿಡ್ಕೊಂಡು ನಾನೇ ಓಡಾಡಿ ಮಾಡಿಸ್ದೆ. ಚಪ್ಪಲಿ ಸವೀತು, ಅಷ್ಟೇ.

ನಿಮ್ಮ ಚಿಕ್ಕಪ್ಪ ಸೈನ್ ಕೇಳ್ತಿರೋದು ಯಾವುದಕ್ಕೆ? ನಮ್ಮನೇಲಿ "ಖಾತೆ ಅರ್ಜಿ" ಅಂತ ಅಕ್ಕನ ಮುಂದೆ ಇಟ್ಟ ಕಂತೆಯೊಳಗೆ ಹಕ್ಕು ಬಿಡುಗಡೆ ಪತ್ರ, ಅಂದ್ರೆ ಆಸ್ತೀಲಿ ತನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರ್ಕೊಡೋ ಪತ್ರ ಇತ್ತು. ಸಬ್‌ರಿಜಿಸ್ಟ್ರಾರ್ ಆಫೀಸಿನ ಹೊರಗೆ, ಪತ್ರ ಬರಹಗಾರರ ಮೇಜಿನ ಹತ್ರ. ಅಕ್ಕ ಕನ್ನಡಕ ಮನೇಲೇ ಬಿಟ್ಟು ಬಂದಿದ್ಲು, ಪೆನ್ ಕೈಗೆ ತಗೊಂಡಾಗಿತ್ತು. ಬಾವ ಓದಿದ್ದಕ್ಕೆ ಉಳ್ಕೊಂಡ್ವಿ.

ನೀವು ಹಿಂದೂಗಳಾದ್ರೆ, ಉಯಿಲಿಲ್ಲದ ಸ್ವಂತ ಆಸ್ತಿ ಅಮ್ಮ, ನೀವು, ತಂಗಿ, ಅಜ್ಜಿ ನಾಲ್ವರಿಗೂ ಸಮ. ಅಜ್ಜಿ ಪಾಲನ್ನ ಎಲ್ರೂ ಮರೀತಾರೆ. ಚಿಕ್ಕಪ್ಪನಿಗೆ ಈಗ ಏನೂ ಇಲ್ಲ, ಆದರೆ ಅಜ್ಜಿ ಉಯಿಲು ಬರೀದೆ ತೀರ್ಕೊಂಡ್ರೆ ಅಜ್ಜಿಯ ಕಾಲು ಭಾಗದಲ್ಲಿ ಚಿಕ್ಕಪ್ಪನಿಗೂ ಪಾಲು ಬರುತ್ತೆ. ಎಫ್‌ಡಿ ದುಡ್ಡನ್ನ ಬ್ಯಾಂಕು ನಾಮಿನಿ ಕೈಗೆ ಕೊಡಬಹುದು, ಅಷ್ಟಕ್ಕೇ ಅದು ಅವರದಾಗಲ್ಲ. ಇನ್ನು ತಂಗಿಗೆ 18 ತುಂಬಿಲ್ಲ. ಅವಳ ಪಾಲನ್ನ ಕೋರ್ಟಿನ ಅನುಮತಿ ಇಲ್ಲದೆ ಅಮ್ಮನೂ ಮಾರೋ ಹಾಗಿಲ್ಲ. ಇಲ್ಲಿ ಮಾತ್ರ ಲಾಯರ್ ಬೇಕೇ ಬೇಕು, ಸೈನ್ ಹಾಕೋಕೆ ಮುಂಚೆ.

ವಿಜಯನಗರದಿಂದ: ಫೀಸಿನ ಚಿಂತೆ ಇದ್ರೆ ಅಮ್ಮನ ಹೆಸರಲ್ಲಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಹೆಂಗಸರಿಗೆ ಆದಾಯ ನೋಡದೆ ವಕೀಲರನ್ನ ಕೊಡ್ತಾರೆ. ಸಹಾಯವಾಣಿ 15100.

ದಾಸರಹಳ್ಳಿಯಿಂದ: ಅಜ್ಜಿ ಪಾಲಿನ ವಿಷಯ ಅಮ್ಮಂಗೂ ಗೊತ್ತಿರ್ಲಿಲ್ಲ. ಆಸ್ಪತ್ರೆ ಚೀಟಿ ತೆಗೆದು ನೋಡ್ದೆ, ಲಾರಿ ಅಂತಾನೇ ಇದೆ, ಗಾಡಿ ನಂಬರ್ ಇಲ್ಲ. ಎಫ್‌ಐಆರ್‌ನಲ್ಲಿದೆ. ನಡೆಯುತ್ತಾ ಅಕ್ಕ?

ರಾಜಾಜಿನಗರದಿಂದ: ನಡೆಯುತ್ತೆ. ಚಾರ್ಜ್‌ಶೀಟ್ ಆಗಿದ್ರೆ ಅದರ ನಕಲೂ ಸ್ಟೇಷನ್ನಿಂದ ತಗೊಂಡೇ ಲಾಯರ್ ಹತ್ರ ಹೋಗು.