ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿಯೇ ಟ್ರಾನ್ಸ್‌ಫರ್ ಆಗಬೇಕೇ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳಾದ್ದರಿಂದ ವೀಸಾದ ತೊಡಕೇನೂ ಇಲ್ಲ. ಈ ವರ್ಷ ಹೈಸ್ಕೂಲು ಮುಗಿಸುವ ಅವಳು ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗದೆ, ಮೊದಲು ಮನೆಯ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಅಸೋಸಿಯೇಟ್ ಪದವಿ (ಬ್ಯಾಚುಲರ್ ಪದವಿಗಿಂತ ಕೆಳಗಿನ ಎರಡು ವರ್ಷದ ಪದವಿ) ಪಡೆದು, ಆಮೇಲೆ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಬೇಕೆಂದು ಯೋಚಿಸಿದ್ದಾಳೆ. ಮುಂದೆ ಸೈಕಾಲಜಿ ಓದುವುದೋ ಕಂಪ್ಯೂಟರ್ ಸೈನ್ಸ್ ಓದುವುದೋ ಎಂಬುದು ಇನ್ನೂ ನಿಶ್ಚಯವಾಗಿಲ್ಲ. ಹಾಗಾಗಿ ಸದ್ಯಕ್ಕೆ ಯಾವ ಕಡೆಗೂ ವಾಲದ 'ಜನರಲ್ ಸ್ಟಡೀಸ್' ಪದವಿಯೇ ಸರಿಯೆಂದು ಅವಳ ಅಭಿಪ್ರಾಯ.

ನನ್ನ ಭಾವಮೈದುನ ಇದನ್ನು ಒಪ್ಪುತ್ತಿಲ್ಲ. ಆ ಪದವಿಗೆ ಕವಡೆಕಾಸಿನ ಕಿಮ್ಮತ್ತೂ ಇಲ್ಲವೆಂದೂ, ಒಂದು ವರ್ಷ ಓದಿ ಸಿಕ್ಕಷ್ಟು ಕ್ರೆಡಿಟ್ (ಮುಗಿಸಿದ ಕೋರ್ಸುಗಳ ಎಣಿಕೆ) ತೆಗೆದುಕೊಂಡು ವಿಶ್ವವಿದ್ಯಾಲಯ ಸೇರುವುದೇ ಜಾಣತನವೆಂದೂ ಅವನು ಹೇಳುತ್ತಾನೆ. ಸ್ನೇಹಿತರೊಬ್ಬರು ಇದಕ್ಕೆ ತದ್ವಿರುದ್ಧವಾಗಿ, ಪದವಿಪತ್ರ ಕೈಗೆ ಬರುವವರೆಗೆ ಕದಲಬಾರದು ಎನ್ನುತ್ತಾರೆ. ಈ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಿ.

ಹಸಿರುದಾರಿ:

ತುಂಗಾತೀರ ಅವರೇ, ನಾನು ಇದೇ ರಾಜ್ಯದ ಕಮ್ಯೂನಿಟಿ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಒಂದೇ ವರ್ಷ ಓದಿ ಹೊರಡುವ ಮಾತನ್ನು ಮೊದಲೇ ಇತ್ಯರ್ಥ ಮಾಡಿಬಿಡುತ್ತೇನೆ. ಇಲ್ಲಿನ ಎರಡು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ಬಹುಮಟ್ಟಿಗೆ ಮೂರನೆಯ ವರ್ಷಕ್ಕೇ, ಅಂದರೆ 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್‌ಗೆ ಇಲ್ಲಿನ ಹೆಸರು) ಮುಗಿಸಿದವರನ್ನೇ, ಸೇರಿಸಿಕೊಳ್ಳುತ್ತವೆ. 30 ಯೂನಿಟ್ ಮುಗಿಸಿ ಅರ್ಜಿ ಹಾಕುವವರಿಗೆ ಕೆಲವು ಖಾಸಗಿ ವಿಶ್ವವಿದ್ಯಾಲಯಗಳ ಬಾಗಿಲು ತೆರೆದಿರಬಹುದು, ಆದರೆ ಅಲ್ಲಿಗೆ ಹೋದರೆ ಕಮ್ಯೂನಿಟಿ ಕಾಲೇಜಿನಲ್ಲಿ ಉಳಿಸಿದ ಹಣ ಒಂದೇ ಸೆಮಿಸ್ಟರಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಎರಡು ವರ್ಷ ಹೇಗೂ ಓದಬೇಕಾಗುತ್ತದೆ. ಆ ಎರಡು ವರ್ಷದ ಓದು ಯಾವ ಪದವಿಯಾಗಿ ನಿಲ್ಲಬೇಕು ಎಂಬುದನ್ನೇ ನೀವು ಈಗ ತೀರ್ಮಾನಿಸಬೇಕಾಗಿದೆ.

ಕಾಲೇಜಿನ ಕ್ಯಾಟಲಾಗ್ ತೆರೆದು ನೋಡಿದರೆ ಒಂದೇ ಪುಟದಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಬಗೆಯ ಪದವಿಗಳು ಕಾಣುತ್ತವೆ. ಕೆಲವಕ್ಕೆ ಬರಿಯ 'ಎಎ' (ಕಲೆಯ ಅಸೋಸಿಯೇಟ್ ಪದವಿ) ಅಥವಾ 'ಎಎಸ್' (ವಿಜ್ಞಾನದ್ದು) ಎಂದಿರುತ್ತದೆ, ಇನ್ನು ಕೆಲವಕ್ಕೆ 'ಎಎ-ಟಿ' ಅಥವಾ 'ಎಎಸ್-ಟಿ' ಎಂದಿರುತ್ತದೆ. ಕೊನೆಯ ಆ ಒಂದಕ್ಷರವನ್ನು ಕಡೆಗಣಿಸುವಂತಿಲ್ಲ. 2010ರಲ್ಲಿ ಆದ ರಾಜ್ಯದ ಕಾನೂನಿನ ಪ್ರಕಾರ 'ಟಿ' (ಟ್ರಾನ್ಸ್‌ಫರ್) ಇರುವ ಪದವಿ ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಖಚಿತವಾಗಿ ಸಿಗಬೇಕು. ಅಷ್ಟೇ ಅಲ್ಲದೆ, ಅದೇ ಅಥವಾ ಹೋಲುವ ಮೇಜರ್ (ಮುಖ್ಯ ವಿಷಯ) ತೆಗೆದುಕೊಂಡರೆ ಉಳಿದ 60 ಯೂನಿಟ್‌ಗಳಲ್ಲಿ ಬ್ಯಾಚುಲರ್ ಪದವಿ ಮುಗಿಯುವಂತೆಯೂ ಇರಬೇಕು. ಪ್ರತಿಯಾಗಿ ವಿದ್ಯಾರ್ಥಿಯು ಟ್ರಾನ್ಸ್‌ಫರ್‌ಗೆ ಸಲ್ಲುವ 60 ಯೂನಿಟ್ ಓದಿರಬೇಕು, ಅದರಲ್ಲಿ ಕನಿಷ್ಠ 18 ಯೂನಿಟ್ ಮೇಜರಿನದಾಗಿರಬೇಕು, ಜಿಪಿಎ (ಗ್ರೇಡ್‌ಗಳ ಸರಾಸರಿ) 2.0ಕ್ಕೆ ಕಡಿಮೆಯಾಗಿರಬಾರದು. ನಿಮ್ಮ ಮಗಳು ಹೇಳುತ್ತಿರುವ 'ಜನರಲ್ ಸ್ಟಡೀಸ್' ಈ ಗುಂಪಿಗೆ ಸೇರುವುದಿಲ್ಲ. ಅದು ಕಾಲೇಜು ತನ್ನ ಮಟ್ಟದಲ್ಲಿ ಕೊಡುವ ಪದವಿ. ಅದಕ್ಕಾಗಿ ಓದಿದ ಕೋರ್ಸುಗಳು ಒಂದೊಂದಾಗಿ ಸಲ್ಲಬಹುದು, ಆದರೆ ಪದವಿಯ ಹೆಸರಿನಲ್ಲಿ ಯಾವ ಖಾತರಿಯೂ ಸಿಗುವುದಿಲ್ಲ. ಭಾವಮೈದುನರ ಟೀಕೆ ಈ ಪದವಿಯ ಮಟ್ಟಿಗೆ ತೀರಾ ಅನ್ಯಾಯದ್ದಲ್ಲ ಎಂದು ನನಗೂ ಅನ್ನಿಸುತ್ತದೆ.

ಖಾತರಿಗೂ ಒಂದು ಮಿತಿಯಿದೆ. ಸಿಎಸ್‌ಯು ಕ್ಯಾಂಪಸ್‌ಗಳಲ್ಲಿ ಎಲ್ಲಿಯಾದರೂ ಒಂದು ಕಡೆ ಸೀಟು ಸಿಗುತ್ತದೆ ಎಂಬುದಷ್ಟೇ ಅದರ ಅರ್ಥ. ಸ್ಯಾನ್ ಹೋಸೆಯೇ ಬೇಕು, ಅಲ್ಲಿಯೂ ಕಂಪ್ಯೂಟರ್ ಸೈನ್ಸೇ ಬೇಕು ಎಂದರೆ ಜಿಪಿಎ ಪೈಪೋಟಿಯನ್ನು ಎದುರಿಸಲೇಬೇಕು.

ಖರ್ಚಿನ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ರಾಜ್ಯದ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ 46 ಡಾಲರ್, ಹಾಗಾಗಿ 60 ಯೂನಿಟ್‌ಗೆ 2,760 ಡಾಲರ್ ಆಗುತ್ತದೆ. ಸಿಎಸ್‌ಯುನಲ್ಲಿ 2025–26ರ ಪೂರ್ಣಾವಧಿ ಟ್ಯೂಷನ್ ಒಂದು ವರ್ಷಕ್ಕೇ 6,450 ಡಾಲರ್, ಕ್ಯಾಂಪಸ್ ಶುಲ್ಕ ಅದರಿಂದಾಚೆಗಿನದು. ಮೊದಲ ಸಲ ಕಾಲೇಜು ಸೇರಿ ಪೂರ್ಣಾವಧಿ ಓದುವವರಿಗೆ ಎರಡು ವರ್ಷದವರೆಗೆ ಈ ಯೂನಿಟ್ ಶುಲ್ಕವನ್ನೂ ಮನ್ನಾ ಮಾಡುವ ಕಾಲೇಜುಗಳು ಹಲವಿವೆ. ಸೇರುವ ಮೊದಲೇ ವಿಚಾರಿಸಿಕೊಳ್ಳಿ.

ಮಧ್ಯಂತರ:

ಹಸಿರುದಾರಿಯವರ ವಿವರಣೆಗೆ ಕಂಪ್ಯೂಟರ್ ಸೈನ್ಸ್ ಕಡೆಯಿಂದ ಒಂದು ಮಾತು ಸೇರಿಸಬೇಕು. ನಾನು ಕಮ್ಯೂನಿಟಿ ಕಾಲೇಜಿನಿಂದ ಯುಸಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಹೋದವನು, ಅಸೋಸಿಯೇಟ್ ಪದವಿ ಪಡೆಯಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ, ಏಕೆಂದರೆ ಯುಸಿಗೆ ಟ್ರಾನ್ಸ್‌ಫರ್ ಆಗಲು ಆ ಪದವಿ ಕಡ್ಡಾಯವಲ್ಲ. ಅರ್ಜಿಯಲ್ಲಿ ಅವರು ನೋಡಿದ್ದು ಗಣಿತ, ಭೌತಶಾಸ್ತ್ರ ಮತ್ತು ಪ್ರೋಗ್ರಾಮಿಂಗ್ ಕೋರ್ಸುಗಳನ್ನು. ಕ್ಯಾಲ್ಕುಲಸ್‌ನ ಮೊದಲ ಭಾಗ ಮುಗಿಯದೆ ಎರಡನೆಯದಕ್ಕೆ ಕೂರಿಸುವುದಿಲ್ಲ, ಎರಡನೆಯದು ಮುಗಿಯದೆ ಮೂರನೆಯದಿಲ್ಲ, ಲೀನಿಯರ್ ಆಲ್ಜೀಬ್ರಾ ಕೂಡ ಇದೇ ಸಾಲಿನ ಹಿಂದೆ ನಿಂತಿರುತ್ತದೆ. ಈ ಸರಪಳಿಯನ್ನು ಮೊದಲ ಸೆಮಿಸ್ಟರಿನಲ್ಲೇ ಹಿಡಿಯದೆ, ಮೊದಲು ಇತಿಹಾಸ, ಕಲೆ, ಸಮಾಜಶಾಸ್ತ್ರ ಎಲ್ಲ ಮುಗಿಯಲಿ ಎಂದು ಕುಳಿತವರ ಕೈಯಲ್ಲಿ ಎರಡು ವರ್ಷದ ನಂತರ ಚೊಕ್ಕವಾದ ಪದವಿ ಇರುತ್ತದೆ, ಮೇಜರಿಗೆ ಬೇಕಾದ ಅರ್ಹತೆ ಮಾತ್ರ ಇರುವುದಿಲ್ಲ. ಅಂಥವರು ಮೂರನೆಯ ವರ್ಷವನ್ನೂ ಕಮ್ಯೂನಿಟಿ ಕಾಲೇಜಿನಲ್ಲೇ ಕಳೆಯುವುದನ್ನು ನೋಡಿದ್ದೇನೆ.

ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ತಡವಾಗಿ ಬರುತ್ತದೆ. ಎರಡು ವರ್ಷ ಓದುವುದೆಂದರೆ ಮೇಜರ್ ಆರಿಸಿಕೊಳ್ಳಲು ಎರಡು ವರ್ಷ ಸಮಯವಿದೆ ಎಂದಲ್ಲ. ಆಗಸ್ಟಿನಲ್ಲಿ ವಿಶ್ವವಿದ್ಯಾಲಯ ಸೇರಬೇಕಾದವರು ಹಿಂದಿನ ವರ್ಷದ ನವೆಂಬರ್ ಕೊನೆಯ ವೇಳೆಗೆ ಅರ್ಜಿ ಹಾಕಿರಬೇಕು. ಯುಸಿಯ ಆರು ಕ್ಯಾಂಪಸ್‌ಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ ಮತ್ತು ಸಾಂಟಾ ಕ್ರೂಜ್, ಕೊಡುವ 'ಟ್ಯಾಗ್' ಎಂಬ ಪ್ರವೇಶ ಖಾತರಿಗೆ ಅದಕ್ಕೂ ಮುಂಚೆ, ಸೆಪ್ಟೆಂಬರಿನಲ್ಲಿಯೇ ಅರ್ಜಿ ಸಲ್ಲಿಸಬೇಕು. ಕಂಪ್ಯೂಟರ್ ಸೈನ್ಸ್‌ನಂತಹ ಬೇಡಿಕೆಯ ಮೇಜರ್‌ಗಳನ್ನು ಅವುಗಳಲ್ಲಿಯೂ ಕೆಲವು ಹೊರಗಿಟ್ಟಿವೆ. ಹೀಗೆ ಲೆಕ್ಕ ಹಾಕಿದರೆ ಸೈಕಾಲಜಿಯೋ ಕಂಪ್ಯೂಟರೋ ಎಂದು ತೀರ್ಮಾನಿಸಲು ನಿಮ್ಮ ಮಗಳಿಗೆ ಸಿಗುವುದು ಒಂದು ವರ್ಷ ಮತ್ತು ಒಂದು ಬೇಸಿಗೆ ರಜೆ ಮಾತ್ರ.

ಯಾವ ಕಾಲೇಜಿನ ಯಾವ ಕೋರ್ಸು ಯಾವ ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಎಂಬುದನ್ನು 'ಅಸಿಸ್ಟ್' ಎಂಬ ಅಧಿಕೃತ ಜಾಲತಾಣದಲ್ಲಿ ನೋಡಬಹುದು. ಎಡಬದಿಯಲ್ಲಿ ವಿಶ್ವವಿದ್ಯಾಲಯ ಕೇಳುವ ಕೋರ್ಸು, ಬಲಬದಿಯಲ್ಲಿ ನಿಮ್ಮ ಕಾಲೇಜಿನ ಸಮಾನ ಕೋರ್ಸು ಇರುತ್ತವೆ. ಬಲಬದಿಯಲ್ಲಿ ಸಮಾನ ಕೋರ್ಸು ಇಲ್ಲವೆಂದು ಬರೆದಿದ್ದರೆ ಅದನ್ನು ಬೇರೆ ಕಾಲೇಜಿನಲ್ಲಿ ಓದಬೇಕಾದೀತು. ಆಪ್ತರ ಸಲಹೆಗಿಂತ, ನನ್ನ ಈ ಬರಹಕ್ಕಿಂತಲೂ, ಆ ಪಟ್ಟಿಯನ್ನೇ ಹೆಚ್ಚು ನಂಬಿ.

ಸಾಗರೋತ್ತರ:

ನಾವು ಫ್ಲಾರಿಡಾದಲ್ಲಿದ್ದೇವೆ, ಇಲ್ಲಿನ ಲೆಕ್ಕವೇ ಬೇರೆ. 36 ಕ್ರೆಡಿಟ್ ಸಾಮಾನ್ಯ ಶಿಕ್ಷಣ (ಮೇಜರ್ ಯಾವುದೇ ಇರಲಿ, ಎಲ್ಲರೂ ಓದಬೇಕಾದ ಕೋರ್ಸುಗಳು) ಸೇರಿ 60 ಕ್ರೆಡಿಟ್‌ನ 'ಎಎ' ಪದವಿಯೇ ಇಲ್ಲಿ ಟ್ರಾನ್ಸ್‌ಫರ್ ಪದವಿ. ಅದನ್ನು ಮುಗಿಸಿದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪೈಕಿ ಒಂದರಲ್ಲಿ ಪ್ರವೇಶದ ಖಾತರಿಯಿದೆ, ಸೀಟು ಸೀಮಿತವಾಗಿರುವ ಮೇಜರ್‌ಗಳಿಗೆ ಮಾತ್ರ ಈ ಖಾತರಿ ಅನ್ವಯಿಸದು. ಕೋರ್ಸುಗಳ ಸಂಖ್ಯೆಯೂ ರಾಜ್ಯದಾದ್ಯಂತ ಒಂದೇ ಆಗಿರುವುದರಿಂದ ಕ್ರೆಡಿಟ್ ಹೊಂದಿಸುವ ಜಗಳ ಕಡಿಮೆ. ಟೆಕ್ಸಸ್‌ನಲ್ಲಿ ಪದವಿಗಿಂತ 42 ಕ್ರೆಡಿಟ್‌ಗಳ ಸಾಮಾನ್ಯ ಶಿಕ್ಷಣದ 'ಕೋರ್' ಮುಖ್ಯವಾಗುತ್ತದೆ. ಅದನ್ನು ಪೂರ್ತಿ ಮುಗಿಸಿದರೆ ಸರ್ಕಾರಿ ವಿಶ್ವವಿದ್ಯಾಲಯಗಳು ಇಡಿಯಾಗಿ ಸ್ವೀಕರಿಸಬೇಕು. ಆದರೆ ಇಂಥ ಒಪ್ಪಂದಗಳೆಲ್ಲ ರಾಜ್ಯದ ಗಡಿಯೊಳಗಿನವು. ಹೊರರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಪ್ರತಿಯೊಂದು ಕೋರ್ಸಿನ ಸಿಲಬಸ್‌ನ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. ಇಡೀ ದೇಶದ ಟ್ರಾನ್ಸ್‌ಫರ್ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಕೇಂದ್ರ ಸರ್ಕಾರದ ಸರ್ಕಾರಿ ಹೊಣೆಗಾರಿಕೆ ಕಚೇರಿಯು (ಜಿಎಒ) 2017ರಲ್ಲಿ ಕೊಟ್ಟ ವರದಿಯಲ್ಲಿ, 2004ರಿಂದ 2009ರ ಅವಧಿಯಲ್ಲಿ ಅವರು ಸರಾಸರಿ ಅಂದಾಜು ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡರು ಎಂದಿತ್ತು.

ತುಂಗಾತೀರ:

ಎಲ್ಲರಿಗೂ ಅನಂತ ವಂದನೆಗಳು. ಅಂದರೆ ಸೈಕಾಲಜಿಗೆ ಹೋಗುವುದಾದರೆ 'ಎಎ-ಟಿ' ಮುಗಿಸುವುದು ಒಳ್ಳೆಯದು, ಯುಸಿಯ ಕಂಪ್ಯೂಟರ್ ಸೈನ್ಸ್ ಆದರೆ ಪದವಿಗಿಂತ ಮೇಜರಿನ ಕೋರ್ಸುಗಳು ಮುಖ್ಯ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಹಾಗಿದ್ದರೆ ಇನ್ನೂ ತೀರ್ಮಾನಿಸದ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಏನನ್ನು ತೆಗೆದುಕೊಳ್ಳಬೇಕು? ಸಾಮಾನ್ಯ ಶಿಕ್ಷಣದ ಕೋರ್ಸುಗಳನ್ನು ಎಲ್ಲಿ ಹೊಂದಿಸಬೇಕು?

ಹಸಿರುದಾರಿ:

ಸರಿಯಾಗಿಯೇ ಅರ್ಥಮಾಡಿಕೊಂಡಿದ್ದೀರಿ. ಮೊದಲ ಸೆಮಿಸ್ಟರಿಗೆ ಇಂಗ್ಲಿಷ್ ಕಾಂಪೊಸಿಷನ್, ಕ್ಯಾಲ್ಕುಲಸ್‌ನ ಮೊದಲ ಭಾಗ, ಪ್ರಾಥಮಿಕ ಸೈಕಾಲಜಿ ಮತ್ತು ಪ್ರಾಥಮಿಕ ಪ್ರೋಗ್ರಾಮಿಂಗ್ ತೆಗೆದುಕೊಳ್ಳಲಿ. ಅವಳು ಕ್ಯಾಲ್ಕುಲಸ್‌ಗೆ ಸಿದ್ಧಳಿದ್ದಾಳೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಇಂಗ್ಲಿಷ್ ಎಲ್ಲ ದಾರಿಗೂ ಬೇಕು. ಸೈಕಾಲಜಿಯು ಸಾಮಾನ್ಯ ಶಿಕ್ಷಣದ ಸಮಾಜವಿಜ್ಞಾನ ವಿಭಾಗಕ್ಕೂ ಸೈಕಾಲಜಿಯ 'ಎಎ-ಟಿ'ಗೂ ಸಲ್ಲುತ್ತದೆ. ಕ್ಯಾಲ್ಕುಲಸ್ ಗಣಿತದ ವಿಭಾಗವನ್ನು ತುಂಬುವುದರ ಜೊತೆಗೆ ಮಧ್ಯಂತರ ಅವರು ಹೇಳಿದ ಸರಪಳಿಯ ಮೊದಲ ಕೊಂಡಿಯೂ ಆಗುತ್ತದೆ. ಸೈಕಾಲಜಿ ಕಡೆಗೆ ಮನಸ್ಸು ನಿಂತರೆ ಎರಡನೆಯ ಸೆಮಿಸ್ಟರಿನಲ್ಲಿ ಸ್ಟ್ಯಾಟಿಸ್ಟಿಕ್ಸ್, ಅದರ ಬೆನ್ನಿಗೆ ರಿಸರ್ಚ್ ಮೆಥಡ್ಸ್ ತೆಗೆದುಕೊಳ್ಳಬಹುದು. ಆಗ ನಷ್ಟವಾಗುವುದು ಹೆಚ್ಚೆಂದರೆ ಪ್ರೋಗ್ರಾಮಿಂಗ್ ಒಂದೇ, ಅದೂ 60 ಯೂನಿಟ್‌ನ ಲೆಕ್ಕಕ್ಕೆ ಸೇರುತ್ತದೆ. ಜನರಲ್ ಸ್ಟಡೀಸ್ ಹೆಸರಿನಲ್ಲಿ ಅವಳು ಬಯಸಿದ್ದ ನಿಧಾನ ಇಲ್ಲಿಯೂ ಸಿಗುತ್ತದೆ.

2025ರ ಫಾಲ್ ಸೆಮಿಸ್ಟರಿನಿಂದ (ಆಗಸ್ಟಿನ ಸುಮಾರಿಗೆ ಶುರುವಾಗುವುದು) ಯುಸಿ, ಸಿಎಸ್‌ಯು ಎರಡಕ್ಕೂ ಸಲ್ಲುವ ಸಾಮಾನ್ಯ ಶಿಕ್ಷಣದ ಒಂದೇ ಪಟ್ಟಿ ಜಾರಿಯಲ್ಲಿದೆ. 'ಕ್ಯಾಲ್-ಗೆಟ್ಸಿ' ಎಂಬ ಈ ಪಟ್ಟಿಯಲ್ಲಿ ಕನಿಷ್ಠ 34 ಯೂನಿಟ್‌ಗಳಿದ್ದು, ಭಾಷಣಕಲೆ ಮತ್ತು ಎಥ್ನಿಕ್ ಸ್ಟಡೀಸ್ ಕೂಡ ಸೇರಿವೆ. ಪ್ರತಿ ಕೋರ್ಸಿನಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕು. ಡಿ ಬಂದರೆ ಯೂನಿಟ್ ಸಿಕ್ಕರೂ ಪಟ್ಟಿಯ ಮಟ್ಟಿಗೆ ಆ ಜಾಗ ಖಾಲಿಯೇ. ಕಂಪ್ಯೂಟರ್ ಸೈನ್ಸ್ ಆಯ್ದುಕೊಂಡರೆ ಈ ಪಟ್ಟಿಯ ಕೆಲವನ್ನು ಟ್ರಾನ್ಸ್‌ಫರ್ ಆದ ಮೇಲೆ ಓದಲು ಬಿಟ್ಟು ಮೇಜರಿನ ಕೋರ್ಸುಗಳಿಗೆ ಜಾಗ ಮಾಡಿಕೊಳ್ಳುವುದು ಉತ್ತಮ.

ಕೊನೆಯ ಸೆಮಿಸ್ಟರಿನಲ್ಲಿ ಎರಡು ಕಾಗದಗಳನ್ನು ಮರೆಯಬೇಡಿ. ಬಹಳಷ್ಟು ಕಾಲೇಜುಗಳಲ್ಲಿ ಕೋರ್ಸು ಮುಗಿದ ಮಾತ್ರಕ್ಕೆ ಪದವಿ ತಾನಾಗಿ ಬರುವುದಿಲ್ಲ. ನಿಗದಿತ ದಿನಾಂಕದೊಳಗೆ ಪದವಿಗಾಗಿ ಅರ್ಜಿ ಹಾಕಬೇಕು. ಅಂತಿಮ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಕಳುಹಿಸುವಾಗ ಸಾಮಾನ್ಯ ಶಿಕ್ಷಣ ಪೂರ್ಣಗೊಂಡಿದೆ ಎಂಬ ಸರ್ಟಿಫಿಕೇಷನ್‌ಅನ್ನೂ ಕೇಳಿ ಪಡೆದು ಜೊತೆಗೆ ಹೋಗುವಂತೆ ನೋಡಿಕೊಳ್ಳಬೇಕು. ಅದು ತಲುಪದಿದ್ದರೆ ವಿಶ್ವವಿದ್ಯಾಲಯವು ಅವಳನ್ನು ತನ್ನದೇ ಸಾಮಾನ್ಯ ಶಿಕ್ಷಣದ ನಿಯಮಗಳಿಗೆ ಒಳಪಡಿಸಬಹುದು, ಆಗ ಇಲ್ಲಿ ಓದಿದ್ದಕ್ಕೆ ಹೋಲುವ ಕೋರ್ಸನ್ನೇ ಅಲ್ಲಿ ಹೆಚ್ಚು ದುಡ್ಡು ಕೊಟ್ಟು ಮತ್ತೊಮ್ಮೆ ಓದಬೇಕಾಗಬಹುದು.