ಐಟಿಆರ್ ಸಲ್ಲಿಸಿ ಆಯ್ತು, ಹಳೇ ಕಂಪನಿ ಸಂಬಳ ಬಿಟ್ಟುಹೋಗಿದೆ: ರಿವೈಸ್ಡ್ ಹಾಕಬೇಕಾ, ರೆಕ್ಟಿಫಿಕೇಶನ್ನಾ?

ಜಮಾಖರ್ಚು:
2024-25ರ ರಿಟರ್ನ್ (ಆದಾಯದ ಮರುವರ್ಷ, ಅಂದರೆ ಅಸೆಸ್‌ಮೆಂಟ್ ವರ್ಷ 2025-26). ಐಟಿಆರ್-1, ಹೊಸ ಪದ್ಧತಿ. ಸೆಪ್ಟೆಂಬರ್ 12ಕ್ಕೆ ಸಲ್ಲಿಸಿ ಇ-ವೆರಿಫೈ ಕೂಡ ಆಗಿದೆ. 143(1) ಇಂಟಿಮೇಶನ್ ಬಂತು. ಬಾಕಿಯೂ ಇಲ್ಲ, ರಿಫಂಡೂ ಇಲ್ಲ. ಈಗ ಎಐಎಸ್ (ಇಲಾಖೆಯ ಬಳಿ ಇರುವ ನನ್ನ ಆದಾಯದ ಪಟ್ಟಿ) ಮತ್ತು ಹಳೇ ಪೇ ಸ್ಲಿಪ್ ಇಟ್ಟುಕೊಂಡು ನೋಡಿದರೆ ಎರಡು ಬಾಬ್ತು ಬಿಟ್ಟುಹೋಗಿವೆ: ಮೊದಲ 3 ತಿಂಗಳು ಇದ್ದ ಕಂಪನಿಯ ಸಂಬಳ ₹1,80,000 (ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿದಿಲ್ಲ), ಎಫ್‌ಡಿ ಬಡ್ಡಿ ₹42,000 (ಟಿಡಿಎಸ್ ₹4,200). ತೋರಿಸಿದ್ದು ಎರಡನೇ ಕಂಪನಿಯ ₹8,10,000 ಮಾತ್ರ, ಅದರ ಟಿಡಿಎಸ್ ₹24,440. ರೆಕ್ಟಿಫಿಕೇಶನ್ ಹಾಕೋಣ ಅಂದರೆ ಆದಾಯ ಸೇರಿಸುವ ಜಾಗವೇ ಕಾಣುತ್ತಿಲ್ಲ. ಇಂಟಿಮೇಶನ್ ಬಂದ ಮೇಲೆ ರಿವೈಸ್ ಮಾಡಬಹುದಾ? ಈಗ 2025ರ ನವೆಂಬರ್.

ಕಡತಪ್ರಿಯ:
ಮಾಡಬಹುದು. 143(1) ಅನ್ನೋದು ಸಿಪಿಸಿಯ (ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರ) ಕಂಪ್ಯೂಟರ್ ಕೂಡಿ ಕಳೆದು ನೋಡಿದ ಚೀಟಿ, ಅಸೆಸ್‌ಮೆಂಟ್ ಅಲ್ಲ. ಹಾಗಾಗಿ ಸೆಕ್ಷನ್ 139(5)ರ, ಅಂದರೆ ರಿವೈಸ್ಡ್ ರಿಟರ್ನ್‌ನ ಬಾಗಿಲು ನಿಮಗೆ 2025ರ ಡಿಸೆಂಬರ್ 31ರವರೆಗೂ ತೆರೆದೇ ಇದೆ. ರೆಕ್ಟಿಫಿಕೇಶನ್, ಅಂದರೆ ಸೆಕ್ಷನ್ 154, ಇರುವುದು ನೀವು ಸರಿಯಾಗಿ ಕೊಟ್ಟದ್ದನ್ನು ಸಿಪಿಸಿ ತಪ್ಪಾಗಿ ಹಿಡಿದಾಗ. ನೀವೇ ಬಿಟ್ಟ ಆದಾಯಕ್ಕೆ ಅಲ್ಲಿ ಜಾಗವಿಲ್ಲ, ಹುಡುಕಿ ಪ್ರಯೋಜನವಿಲ್ಲ.

ಬಡ್ಡಿಚಕ್ರ:
ಐಟಿಆರ್-ಯು (ಅಪ್‌ಡೇಟೆಡ್ ರಿಟರ್ನ್) ಹಾಕಿದರೆ ಆಯ್ತಲ್ಲ, ಈಗ 48 ತಿಂಗಳು ಟೈಮ್ ಕೊಟ್ಟಿದ್ದಾರೆ.

ಕಡತಪ್ರಿಯ:
@ಬಡ್ಡಿಚಕ್ರ, ಅದು ರಿವೈಸ್ಡ್ ಗಡುವು ತಪ್ಪಿದವರಿಗೆ. ಅಸೆಸ್‌ಮೆಂಟ್ ವರ್ಷ ಮುಗಿದು 12 ತಿಂಗಳೊಳಗೆ ಹಾಕಿದರೂ ತೆರಿಗೆ, ಬಡ್ಡಿ ಎರಡರ ಮೇಲೂ 25% ಹೆಚ್ಚುವರಿ. ಆಮೇಲೆ 50, 60, 70 ಅಂತ ಏರುತ್ತದೆ. ಸುಮ್ಮನೆ ಯಾಕೆ ಕಟ್ಟಬೇಕು? ಇನ್ನೊಂದು: ತೆರಿಗೆ ಕಡಿಮೆ ಮಾಡಿಕೊಳ್ಳಲು ಅಥವಾ ರಿಫಂಡ್ ಹೆಚ್ಚಿಸಿಕೊಳ್ಳಲು ಐಟಿಆರ್-ಯು ನಡೆಯುವುದಿಲ್ಲ.

ರೊಕ್ಕದಲೆಕ್ಕ:
ಲೆಕ್ಕ ಹೀಗೆ ಬರುತ್ತದೆ. ಸಂಬಳ 1,80,000 + 8,10,000 = 9,90,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಒಂದೇ ಸಲ. ಕಂಪನಿಗೊಂದರಂತೆ ಎರಡು ಸಲ ಕಳೆಯುವವರು ಬಹಳ. ಉಳಿದದ್ದು 9,15,000, ಬಡ್ಡಿ 42,000 ಸೇರಿ 9,57,000. ಬಡ್ಡಿಯನ್ನು ಪೂರ್ತಿ ತೋರಿಸಿ. ಟಿಡಿಎಸ್ ಕಳೆದು ಕೈಗೆ ಬಂದ 37,800 ಹಾಕಿದರೆ ಎಐಎಸ್‌ಗೆ ಮತ್ತೆ ತಾಳೆಯಾಗುವುದಿಲ್ಲ.

ತೆರಿಗೆ (2024-25ರ ಹೊಸ ಪದ್ಧತಿ): 3ರಿಂದ 7 ಲಕ್ಷಕ್ಕೆ 5%, ಅಂದರೆ 20,000. ಅದರ ಮೇಲಿನ 2,57,000ಕ್ಕೆ 10%, ಅಂದರೆ 25,700. ಸೆಸ್ 4% ಸೇರಿ ಒಟ್ಟು 47,528. ಕಟ್ಟಿದ ಟಿಡಿಎಸ್ 28,640 ಕಳೆದರೆ ಬಾಕಿ 18,888.

ಬಾಕಿ 10,000 ದಾಟಿರುವುದರಿಂದ ಬಡ್ಡಿಯೂ ಬೀಳುತ್ತದೆ. 234ಬಿ (ಮುಂಗಡ ತೆರಿಗೆ ಕಟ್ಟದ್ದಕ್ಕೆ): ನೂರರ ಕೆಳಗಿನದು ಬಿಟ್ಟು 18,800ಕ್ಕೆ ತಿಂಗಳಿಗೆ 1%, ಏಪ್ರಿಲ್‌ನಿಂದ ನವೆಂಬರ್ 8 ತಿಂಗಳು, 1,504. 234ಸಿ (ಅದರ ಕಂತು ತಪ್ಪಿದ್ದಕ್ಕೆ): ನಾಲ್ಕು ಕಂತಿಗೆ 84 + 252 + 423 + 188 = 947. ಎಲ್ಲ ಸೇರಿ 21,339, ಹತ್ತಕ್ಕೆ ಸರಿಮಾಡಿ ₹21,340. ತಿಂಗಳ 2ಕ್ಕೆ ಕಟ್ಟಿದರೂ 30ಕ್ಕೆ ಕಟ್ಟಿದರೂ ಒಂದೇ ಬಡ್ಡಿ. ಡಿಸೆಂಬರ್ 1 ಆಯಿತೋ, ಇನ್ನೊಂದು 188. ಮೂಲ ರಿಟರ್ನ್ ಗಡುವಿನೊಳಗೇ (ಸೆಪ್ಟೆಂಬರ್ 16) ಇರುವುದರಿಂದ 234ಎಫ್ ಲೇಟ್ ಫೀ ಇಲ್ಲ.

ಕಡತಪ್ರಿಯ:
ಮೊದಲು ದುಡ್ಡು ಕಟ್ಟಿ, ಆಮೇಲೆ ಫಾರ್ಮ್. ‘ಇ-ಪೇ ಟ್ಯಾಕ್ಸ್’ನಲ್ಲಿ ಅಸೆಸ್‌ಮೆಂಟ್ ವರ್ಷ 2025-26, ಮೈನರ್ ಹೆಡ್ 300 (ಸೆಲ್ಫ್ ಅಸೆಸ್‌ಮೆಂಟ್). ಆದಾಯ 2024-25ರದ್ದು ಅಂತ ಅಲ್ಲೂ 2024-25 ಆರಿಸಿದರೆ ದುಡ್ಡು ಹೋಗಿ ಹಿಂದಿನ ವರ್ಷದ ಖಾತೆಯಲ್ಲಿ ಕೂರುತ್ತದೆ. ಹಾಗಾದರೆ ‘ಚಲನ್ ಕರೆಕ್ಷನ್’ ಇದೆ, ಆದರೆ ವರ್ಷ ಬದಲಿಸಲು 7 ದಿನ ಮಾತ್ರ. ಮೈನರ್ ಹೆಡ್‌ಗಾದರೆ 30 ದಿನ.

ಆಮೇಲೆ ‘ಇ-ಫೈಲ್’ ಮೆನುವಿನಲ್ಲಿ ಅದೇ ವರ್ಷದ ರಿಟರ್ನ್ ಹೊಸದಾಗಿ ಶುರುಮಾಡಿ. ಪರ್ಸನಲ್ ಇನ್ಫರ್ಮೇಶನ್ ಪುಟದ ಕೆಳಗೆ ಫೈಲಿಂಗ್ ಸೆಕ್ಷನ್ ಇರುತ್ತದೆ, 139(1) ತೆಗೆದು 139(5) ಆರಿಸಿ. ಮೂಲ ರಿಟರ್ನ್‌ನ 15 ಅಂಕಿಯ ಅಕ್ನಾಲೆಡ್ಜ್‌ಮೆಂಟ್ ನಂಬರ್, ತಾರೀಖು ಕೇಳುತ್ತದೆ. ಇಂಟಿಮೇಶನ್‌ನ ತಾರೀಖು ಅಲ್ಲ, ಫೈಲ್ ಮಾಡಿದ ತಾರೀಖು.

ರಿವೈಸ್ಡ್ ಅಂದರೆ ತೇಪೆ ಹಚ್ಚುವುದಲ್ಲ. ಹಳೆಯದರ ಜಾಗಕ್ಕೆ ಪೂರ್ತಿ ಹೊಸದು ಬರುತ್ತದೆ, ಹಾಗಾಗಿ ಬಿಟ್ಟ ಎರಡೇ ಬಾಬ್ತು ತುಂಬಿ ಕಳಿಸಿದರೆ ಎಡವಟ್ಟು. ಪ್ರೀಫಿಲ್ ಆಗಿ ಬಂದ ಸಂಬಳ 9,90,000 ಇದೆಯಾ, ಟಿಡಿಎಸ್ ಶೆಡ್ಯೂಲ್‌ನಲ್ಲಿ ಬ್ಯಾಂಕಿನ 4,200 ಇದೆಯಾ, ಕಣ್ಣಲ್ಲಿ ನೋಡಿ.

ಶೇರುಕಟ್ಟು:
ನನ್ನದೂ ಐಟಿಆರ್-1. ಷೇರು ಮಾರಿದ ಶಾರ್ಟ್ ಟರ್ಮ್ ಲಾಭ 6,000 ಬಿಟ್ಟಿದ್ದೇನೆ. ಅದೇ ಫಾರ್ಮಲ್ಲಿ ಸೇರಿಸಲಾ?

ರೊಕ್ಕದಲೆಕ್ಕ:
ಆಗುವುದಿಲ್ಲ. ಅಸೆಸ್‌ಮೆಂಟ್ ವರ್ಷ 2025-26ರಿಂದ ಐಟಿಆರ್-1ಕ್ಕೆ ಒಪ್ಪಿಗೆ ಇರುವುದು 112ಎ (ಷೇರು, ಈಕ್ವಿಟಿ ಫಂಡ್) ಲಾಂಗ್ ಟರ್ಮ್ ಲಾಭಕ್ಕೆ, ಅದೂ 1.25 ಲಕ್ಷದವರೆಗೆ. ನಿಮ್ಮದು ಐಟಿಆರ್-2 ಆಗಬೇಕು. ರಿವೈಸ್ ಮಾಡುವಾಗ ಫಾರ್ಮ್ ಬದಲಿಸಬಹುದು. ಮಾರಿದ ತಾರೀಖು ನೋಡಿಕೊಳ್ಳಿ, 2024ರ ಜುಲೈ 22ರವರೆಗೆ 15%, 23ರಿಂದ 20%.

ಜಮಾಖರ್ಚು:
21,340 ಪೋರ್ಟಲ್‌ಗೂ ಸರಿಯಾಗಿ ಬಂತು, ಕಟ್ಟಿದೆ. ಆದರೆ ಫಾರ್ಮ್‌ನಲ್ಲಿ ಇನ್ನೂ ಅಷ್ಟೇ ಬಾಕಿ ತೋರಿಸುತ್ತಿದೆ.

ಕಡತಪ್ರಿಯ:
ಚಲನ್ ತಾನಾಗಿ ಬಂದು ಕೂರಲು ಸಮಯ ಹಿಡಿಯುತ್ತದೆ. ರಸೀದಿ ತೆಗೆದು ನೀವೇ ತುಂಬಿ: 7 ಅಂಕಿಯ ಬಿಎಸ್ಆರ್ ಕೋಡ್, 5 ಅಂಕಿಯ ಚಲನ್ ನಂಬರ್, ತಾರೀಖು, ಮೊತ್ತ. ಚಲನ್ ನಂಬರ್ ಸೊನ್ನೆಯಿಂದ ಶುರುವಾದರೆ ಆ ಸೊನ್ನೆಯನ್ನೂ ಸೇರಿಸಿ. ಬಾಕಿ ಸೊನ್ನೆ ಆದ ಮೇಲೆ ಸಲ್ಲಿಸಿ, ಅಲ್ಲೇ ಆಧಾರ್ ಒಟಿಪಿ ಹೊಡೆದುಬಿಡಿ. 30 ದಿನದೊಳಗೆ ವೆರಿಫೈ ಆಗದಿದ್ದರೆ ರಿವೈಸ್ಡ್ ಸಲ್ಲಿಸಿಯೇ ಇಲ್ಲ ಅಂತ ಲೆಕ್ಕ, ಸೆಪ್ಟೆಂಬರ್‌ನ ತಪ್ಪು ರಿಟರ್ನೇ ಉಳಿಯುತ್ತದೆ.

ಜಮಾಖರ್ಚು:
ಆಯ್ತು, ವೆರಿಫೈ ಕೂಡ ಮುಗಿಯಿತು. ಹೊಸ ಇಂಟಿಮೇಶನ್‌ನಲ್ಲಿ ಏನು ನೋಡಬೇಕು?

ರೊಕ್ಕದಲೆಕ್ಕ:
ಎರಡು ಕಾಲಂ ಇರುತ್ತದೆ, ನೀವು ಕೊಟ್ಟದ್ದು, ಅವರು ಲೆಕ್ಕ ಹಾಕಿದ್ದು. ಟಿಡಿಎಸ್ 28,640 ಮತ್ತು ಚಲನ್ 21,340 ಎರಡೂ ಕಡೆ ಒಂದೇ ಇರಬೇಕು. ಅವರ ಕಾಲಂನಲ್ಲಿ ಆ 4,200 ಮಾಯವಾಗಿ ಡಿಮ್ಯಾಂಡ್ ಬಂದರೆ, ಮೊದಲು 26ಎಎಸ್‌ನಲ್ಲಿ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ಅದು ಇದೆ ಅಂತ ಖಚಿತಪಡಿಸಿಕೊಳ್ಳಿ. ಇದ್ದರೆ ‘ಸರ್ವೀಸಸ್’ನಲ್ಲಿ ರೆಕ್ಟಿಫಿಕೇಶನ್, ಅದರಲ್ಲಿ ‘ಟ್ಯಾಕ್ಸ್ ಕ್ರೆಡಿಟ್ ಮಿಸ್‌ಮ್ಯಾಚ್’. ಮೊದಲು ನೀವು ತಟ್ಟಿದ ಬಾಗಿಲು ಅದೇ, ಆಗ ತಟ್ಟಬಹುದು.